ಬಣ್ಣದ ನೆರೆಹೊರೆ

ಆಕೃತಿಯಿಲ್ಲದ ಚಿತ್ರವೊಂದರ ಮುಂದೆ ನಿಂತವರು ಬಹುಮಟ್ಟಿಗೆ ಕೇಳುವ ಪ್ರಶ್ನೆ ಒಂದೇ: "ಇದರಲ್ಲಿ ಏನಿದೆ?" ಅಲ್ಲಿ ಮನುಷ್ಯನ ಮುಖವಿಲ್ಲ, ಮರವಿಲ್ಲ, ಗುಡಿಯಿಲ್ಲ, ಇರುವುದು ಬಣ್ಣಗಳ ಪಟ್ಟಿ, ಚೌಕ, ವೃತ್ತಗಳು ಮಾತ್ರ. ಇಂಥ ಕೃತಿಗಳನ್ನು ಅಮೂರ್ತ ಚಿತ್ರಗಳೆಂದು ಕರೆಯುವುದು ವಾಡಿಕೆ. ತಿಳಿಯದುದನ್ನು ತಳ್ಳಿಹಾಕುವುದು ಸುಲಭ. ತಿಳಿಯಲು ಯತ್ನಿಸುವುದು ವಿದ್ಯಾರ್ಥಿಗೆ ತಕ್ಕ ನಡತೆ. ಈ ತಿಳಿವಳಿಕೆಯನ್ನು ಅರಸಿ ಹೊಸಪೇಟೆ, ಸಂಡೂರು, ಕಂಪ್ಲಿಗಳ ವಿದ್ಯಾರ್ಥಿಗಳು ಬಹುದೂರ ಹೋಗಬೇಕಾದುದಿಲ್ಲ.

ಭಾರತದಲ್ಲಿ ಬಣ್ಣವನ್ನೇ ಚಿತ್ರದ ಜೀವಾಳವಾಗಿ ಮಾಡಿಕೊಂಡವರಲ್ಲಿ ಸೈಯದ್ ಹೈದರ್ ರಝಾ (1922–2016) ಪ್ರಮುಖರು. ಇಂದಿನ ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಕಾಡಿನ ಸೀಮೆಯಲ್ಲಿ ಅವರು ಜನಿಸಿದರು. ಬಾಲ್ಯದಲ್ಲಿ ಅವರ ಚಿತ್ತ ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಇದನ್ನು ಕಂಡ ಶಾಲೆಯ ಗುರುಗಳು ಗೋಡೆಯ ಮೇಲೆ ಒಂದು ಚುಕ್ಕೆಯನ್ನು ತೋರಿಸಿ, ಅದನ್ನೇ ನೋಡುತ್ತ ಕುಳಿತಿರಲು ಹೇಳಿದರಂತೆ. 1947ರಲ್ಲಿ ಮುಂಬಯಿಯ ಪ್ರಗತಿಶೀಲ ಕಲಾವಿದರ ತಂಡವನ್ನು ಕಟ್ಟಿದವರಲ್ಲಿ ಒಬ್ಬರಾಗಿ, 1950ರಲ್ಲಿ ಪ್ಯಾರಿಸಿಗೆ ತೆರಳಿದ ರಝಾ ಮೊದಲು ಊರು, ಮನೆ, ಬೆಟ್ಟಗಳನ್ನು ಬರೆದರು. ಕ್ರಮೇಣ ಮನೆ ಬೆಟ್ಟಗಳು ಕರಗಿ ಬಣ್ಣ ಮಾತ್ರ ಉಳಿಯಿತು. 1980ರ ಸುಮಾರಿಗೆ ಬಾಲ್ಯದ ಆ ಚುಕ್ಕೆಯು ಕಪ್ಪು ಬಿಂದುವಾಗಿ ಅವರ ಚಿತ್ರಗಳ ಕೇಂದ್ರಕ್ಕೆ ಬಂದಿತು. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ ಎಂಬ ಐದು ಬಣ್ಣಗಳನ್ನು ಅವರು ಪಂಚಭೂತಗಳೊಡನೆ ಸಂಬಂಧಿಸಿ ಬಳಸಿದರು.

ಬರಿಯ ಕಪ್ಪು ಚುಕ್ಕೆಯೊಂದು ನೋಡುವವನ ಕಣ್ಣನ್ನು ಹಿಡಿದು ನಿಲ್ಲಿಸುವುದು ಹೇಗೆ? ಇದಕ್ಕೆ ಉತ್ತರವು ಚಿತ್ರಶಾಲೆಯಲ್ಲಿ ಸಿಗುವ ಮೊದಲು ನೇಯ್ಗೆಯ ಕಾರ್ಖಾನೆಯಲ್ಲಿ ಸಿಕ್ಕಿತೆಂಬುದು ಸ್ವಾರಸ್ಯಕರ. ಪ್ಯಾರಿಸಿನ ಗೋಬೆಲಿನ್ ಕಾರ್ಖಾನೆಯು ಚಿತ್ರಗಂಬಳಿಗಳಿಗೆ ಹೆಸರಾದುದು. 1824ರಲ್ಲಿ ರಸಾಯನಶಾಸ್ತ್ರಜ್ಞ ಶೆವ್ರಲ್ ಅಲ್ಲಿಯ ಬಣ್ಣಗಾರಿಕೆಯ ಮೇಲ್ವಿಚಾರಕನಾದನು. ಅಲ್ಲಿಯ ಕಪ್ಪು ನೂಲಿಗೆ ಕಸುವಿಲ್ಲವೆಂಬ ದೂರು ಆತನವರೆಗೆ ಬಂದಿತು. ಪರೀಕ್ಷಿಸಿದಾಗ ನೂಲಿನಲ್ಲಾಗಲಿ ಬಣ್ಣದಲ್ಲಾಗಲಿ ದೋಷ ಕಾಣಲಿಲ್ಲ. ದೋಷವಿದ್ದುದು ನೆರೆಯಲ್ಲಿ! ನೀಲಿ ಮತ್ತು ನೇರಳೆ ನೂಲುಗಳ ಪಕ್ಕದಲ್ಲಿ ನೇಯ್ದುದರಿಂದ ಕಪ್ಪು ಮಂಕಾಗಿ ತೋರುತ್ತಿತ್ತು. ಅಕ್ಕಪಕ್ಕದ ಎರಡು ಬಣ್ಣಗಳ ನಡುವಿನ ಅಂತರವನ್ನು ಕಣ್ಣು ಇದ್ದುದಕ್ಕಿಂತ ಹೆಚ್ಚಿಸಿಯೇ ಕಾಣುತ್ತದೆಂಬ ನಿಯಮವನ್ನು ಶೆವ್ರಲ್ 1839ರ ತನ್ನ ಗ್ರಂಥದಲ್ಲಿ ವಿವರಿಸಿದನು.

ಈ ನಿಯಮವನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಒಂದೇ ಬೂದು ಕಾಗದದಿಂದ ಸಮನಾದ ಎರಡು ಚೂರುಗಳನ್ನು ಕತ್ತರಿಸಿ, ಒಂದನ್ನು ಕೆಂಪು ಹಾಳೆಯ ನಡುವೆಯೂ ಇನ್ನೊಂದನ್ನು ಹಸಿರು ಹಾಳೆಯ ನಡುವೆಯೂ ಇಡಬೇಕು. ಸ್ವಲ್ಪ ಹೊತ್ತು ನೋಡಿದರೆ ಕೆಂಪಿನ ಮೇಲಣ ಚೂರು ತುಸು ಹಸಿರಾಗಿಯೂ ಹಸಿರಿನ ಮೇಲಣ ಚೂರು ತುಸು ಕೆಂಪಾಗಿಯೂ ತೋರುವುದು. ಕಾಗದ ಒಂದೇ, ನೆರೆ ಬೇರೆ.

ಪ್ರಕೃತಿಯೂ ಈ ಪಾಠವನ್ನು ಹೇಳುತ್ತಿದೆ. ಸಂಡೂರಿನ ಬೆಟ್ಟಗಳ ಕೆಂಪಿಗೆ ಕಾರಣ ಅಲ್ಲಿಯ ಕಬ್ಬಿಣದ ಅದಿರು. ಮನೆಯ ಮುಂದೆ ಸಾರಣೆಗೆ ಬಳಸುವ ಕೆಮ್ಮಣ್ಣಿನ ಬಣ್ಣಕ್ಕೂ ಕಬ್ಬಿಣದ ಆಕ್ಸೈಡೇ ಮೂಲ. ಬೇಸಗೆಯಲ್ಲಿ ಧೂಳಿನಿಂದ ಮಂಕಾಗಿದ್ದ ಆ ಮಣ್ಣು ಮಳೆಗಾಲದಲ್ಲಿ ಕೆಂಡದಂತೆ ಕಾಣುತ್ತದೆ. ನೀರು ಮಣ್ಣಿನ ಬಣ್ಣವನ್ನು ಗಾಢಗೊಳಿಸುವುದು ಇದಕ್ಕೆ ಒಂದು ಕಾರಣ. ಪಕ್ಕದಲ್ಲಿ ಚಿಗುರಿದ ಹಸಿರು ಎರಡನೆಯ ಕಾರಣ. ಕಂಪ್ಲಿಯ ಬತ್ತದ ಗದ್ದೆಗಳ ನಡುವೆ ಕೆಂಪು ಸೀರೆಯುಟ್ಟು ನಾಟಿ ಮಾಡುವ ಹೆಂಗಸು ದೂರದಿಂದಲೇ ಕಣ್ಣಿಗೆ ಬೀಳುವುದೂ ಇದೇ ಕಾರಣದಿಂದ.

ಶೆವ್ರಲ್ ಗ್ರಂಥದಲ್ಲಿ ಬರೆದುದನ್ನು ಬೆರಳಿನಲ್ಲಿ ಬಲ್ಲವರು ಸಂಡೂರಿನ ತಾಂಡಾಗಳಲ್ಲಿದ್ದಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಸಂಡೂರು ಲಂಬಾಣಿ ಕಸೂತಿಯಲ್ಲಿ ಚೌಕ, ತ್ರಿಕೋನ, ಗೆರೆ, ಚುಕ್ಕೆಗಳದೇ ಪ್ರಾಧಾನ್ಯ. ಕಡುಗೆಂಪು ಅಥವಾ ಕಡುನೀಲಿ ಬಟ್ಟೆಯ ಮೇಲೆ ಹಳದಿ, ಬಿಳಿ, ಹಸಿರು ದಾರಗಳು. ಅವುಗಳ ನಡುವೆ ಕನ್ನಡಿಯ ಚೂರು, ಅಂಚಿನಲ್ಲಿ ಕವಡೆ. ಕಡುನೀಲಿಯ ಪಕ್ಕದಲ್ಲಿ ಹಳದಿಯ ಒಂದೇ ಎಳೆ ಬಂದರೂ ಎರಡೂ ಬೆಳಗುತ್ತವೆ. ಯಾವ ಎಳೆಯ ಪಕ್ಕದಲ್ಲಿ ಯಾವ ಎಳೆ ಬರಬೇಕೆಂಬ ವಿವೇಕವು ತಾಯಿಯಿಂದ ಮಗಳಿಗೆ ಇಳಿದು ಬಂದುದು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ನೆರೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ಕಸೂತಿ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಗೆ ಸೇರಿತು.

ಈಗ ರಝಾ ಅವರ ಬಿಂದುವಿನ ಕಡೆಗೆ ಮರಳಬಹುದು. ಗೋಬೆಲಿನ್ನಿನ ಕಪ್ಪು ನೀಲಿಯ ನೆರೆಯಲ್ಲಿ ಸೊರಗಿತು. ರಝಾ ಅವರ ಅನೇಕ ಚಿತ್ರಗಳಲ್ಲಿ ಕಪ್ಪಿನ ಸುತ್ತ ಕೆಂಪು, ಕೇಸರಿ, ಹಳದಿ, ಮಣ್ಣುಗಂದುಗಳು ಆವರಿಸಿರುವುದರಿಂದ ಅದೇ ಕಪ್ಪು ಬಾವಿಯಂತೆ ಆಳವಾಗಿ ತೋರುತ್ತದೆ. ಆ ಚಿತ್ರದಲ್ಲಿ ಏನಿದೆಯೆಂದರೆ, ಬಣ್ಣಗಳ ಪರಸ್ಪರ ಸಂಬಂಧವಿದೆ. ಕಥೆಯಲ್ಲಿ ಪಾತ್ರಗಳು ಒಂದನ್ನೊಂದು ಬೆಳಗಿಸುವಂತೆ ಅಲ್ಲಿ ಬಣ್ಣಗಳು ಒಂದನ್ನೊಂದು ಬೆಳಗಿಸುತ್ತವೆ.

ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪಕ್ಕೆ ಹೋದವರು ಮೇಲ್ಚಾವಣಿಯಲ್ಲಿ ಗಿರಿಜಾಕಲ್ಯಾಣ, ವಿದ್ಯಾರಣ್ಯರ ಮೆರವಣಿಗೆ ಮುಂತಾದ ಚಿತ್ರಗಳನ್ನು ಗುರುತಿಸಿ ಸಂತೋಷಪಡುತ್ತಾರೆ. ಒಮ್ಮೆ ಕಥೆಯನ್ನು ಬದಿಗಿಟ್ಟು ಕೆಂಪು ಎಲ್ಲಿದೆ, ಅದರ ಪಕ್ಕದಲ್ಲಿ ಯಾವುದಿದೆಯೆಂದು ನೋಡಿದರೆ ಚಿತ್ರಗಾರನ ಇನ್ನೊಂದು ಜಾಣ್ಮೆ ಗೋಚರವಾಗುತ್ತದೆ.

ರಝಾ ಅವರ 'ಸೌರಾಷ್ಟ್ರ' ಎಂಬ 1983ರ ಚಿತ್ರಕ್ಕೆ 2010ರಲ್ಲಿ ಲಂಡನ್ನಿನ ಹರಾಜಿನಲ್ಲಿ 16 ಕೋಟಿ ರೂಪಾಯಿಗೂ ಮಿಕ್ಕ ಬೆಲೆ ಬಂದಿತು. ತಾಂಡಾದ ಅಜ್ಜಿಯು ಹೊಲಿದ ಕಾಂಚಳಿಯ ಮೇಲೆ ಆಕೆಯ ಹೆಸರೂ ಇರುವುದಿಲ್ಲ. ಬೆಲೆಯ ಅಂತರ ಎಷ್ಟೇ ಇರಲಿ, ಎರಡರ ಹಿಂದಿರುವ ಕಣ್ಣಿನ ತಿಳಿವು ಒಂದೇ ಜಾತಿಯದು. ಶಾಲೆಗೆ ಬರುವ ತಾಂಡಾದ ಬಾಲಕಿಯು ಮನೆಯಲ್ಲಿ ಕಲಿತುದನ್ನು ಪಾಠವಲ್ಲವೆಂದು ಬಗೆದು ಮರೆತರೆ, ಆ ನಷ್ಟವನ್ನು ಯಾವ ಗ್ರಂಥವೂ ತುಂಬಿಕೊಡಲಾರದು. ಆದುದರಿಂದ ವಿದ್ಯಾರ್ಥಿಗಳು ಇನ್ನು ಮುಂದೆ ಬಣ್ಣದ ಚಿತ್ರವನ್ನಾಗಲಿ ಕಸೂತಿಯನ್ನಾಗಲಿ ಕಂಡಾಗ, ಇದರಲ್ಲಿ ಏನಿದೆಯೆಂದು ಕೇಳುವ ಮೊದಲು ಯಾವುದರ ಪಕ್ಕದಲ್ಲಿ ಯಾವುದಿದೆಯೆಂದು ಕೇಳುವುದನ್ನು ರೂಢಿಸಿಕೊಳ್ಳಲಿ.