ಉಳುಕಿದ ಕಾಲಿಗೆ ಪಾಠ

ಹಿಂಗಾರಿನ ಬೆಳೆ ಕೈಗೆ ಬರುವ ಹೊತ್ತಿಗೆ ವಿಜಯಪುರ ಜಿಲ್ಲೆಯ ಮನಗೂಳಿಯ ಸುತ್ತಲಿನ ಎರೆಯ ಹೊಲಗಳು ಬಾಯ್ಬಿಡುತ್ತವೆ. ಮಳೆಯ ನೀರು ಕುಡಿದು ಉಬ್ಬಿದ್ದ ಕಪ್ಪು ಮಣ್ಣು ಒಣಗಿ ಕುಗ್ಗಿದಾಗ ನೆಲದಲ್ಲಿ ಆಳವಾದ ಬಿರುಕುಗಳು ಮೂಡುತ್ತವೆ. ಅವುಗಳ ನಡುವೆಯೇ ಬಿಳಿಜೋಳದ ದಂಟನ್ನು ಬೇರುಸಹಿತ ಕೀಳುವ ಸುಗ್ಗಿ ನಡೆಯುತ್ತದೆ. ಹೊರೆ ಹೊತ್ತವನ ಪಾದ ಬಿರುಕಿನ ಅಂಚಿನಲ್ಲಿ ಹೊರಳಿತೆಂದರೆ ಕಣಕಾಲು ಉಳುಕುತ್ತದೆ. ದಿನವೆಲ್ಲ ಬಗ್ಗಿ ಕಿತ್ತವಳ ಸೊಂಟ ಹಿಡಿದುಕೊಳ್ಳುತ್ತದೆ. ಇವು ಪ್ರಾಣಕ್ಕೆ ಎರವಾಗುವ ಬೇನೆಗಳಲ್ಲ. ಆದರೆ ಕೂಲಿಯನ್ನೇ ನಂಬಿದ ಮನೆಯಲ್ಲಿ ಸುಗ್ಗಿಯ ಹತ್ತು ದಿನಗಳು ಕೈತಪ್ಪಿದರೆ ವರ್ಷದ ಕಾಳಿಗೇ ಕೊರತೆ ಬೀಳುತ್ತದೆ.

ಎಲುಬಿಗೂ ಎಲುಬಿಗೂ ಕಟ್ಟಾಗಿರುವ ಗಟ್ಟಿ ನಾರಿನ ಪಟ್ಟಿಗೆ ಅಸ್ಥಿರಜ್ಜು ಎಂದು ಹೆಸರು. ಕೀಲು ಮಿತಿಮೀರಿ ತಿರುಚಿದಾಗ ಈ ರಜ್ಜು ಹಿಗ್ಗುತ್ತದೆ ಇಲ್ಲವೆ ಹರಿಯುತ್ತದೆ. ಅದೇ ಉಳುಕು. ಸ್ನಾಯುವಿಗೇ ಇಂಥ ಪೆಟ್ಟಾದಾಗ ಜನರು ‘ನರ ಜಗ್ಗಿದೆ’ ಎನ್ನುವುದುಂಟು. ನಿಜವಾಗಿ ಜಗ್ಗಿರುವುದು ನರವಲ್ಲ, ಸ್ನಾಯು.

ಉಳುಕಿದ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಜಗ್ಗಿ ಉಳುಕು ತೆಗೆಯುವುದು ಹಳ್ಳಿಗಳ ವಾಡಿಕೆ. ಪರರ ನೋವನ್ನು ನೀಗಿಸಬೇಕೆಂಬ ಸದ್ಭಾವ ಅದರಲ್ಲಿದೆ. ಆದರೆ ಆಗತಾನೆ ಹರಿದ ರಜ್ಜುವನ್ನು ಜಗ್ಗಿದರೆ ಹರಿವು ಹೆಚ್ಚುತ್ತದೆ. ತಿಕ್ಕಿದರೆ ಬಾವು ಬೆಳೆಯುತ್ತದೆ. ಎಲುಬೇ ಮುರಿದಿದ್ದರೆ ಅನಾಹುತವಾಗುತ್ತದೆ. ಎಲುಬಿನ ಚಿತ್ರ ಯಾರಿಗೆ ಬೇಕೆಂಬುದನ್ನು ಅರಿಯಲು ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಸರಳವಾದ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಪೆಟ್ಟಾದವನು ನಾಲ್ಕು ಹೆಜ್ಜೆ ನಡೆಯಲಾರನೆ? ಕಣಕಾಲಿನ ಅಥವಾ ಪಾದದ ಎಲುಬನ್ನು ಒತ್ತಿದರೆ ನೋವಾಗುವುದೆ? ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಉಳಿದವರಿಗೆ ಮೊದಲ ಎರಡು ಮೂರು ದಿನಗಳ ಆರೈಕೆ ಸುಲಭ. ಕಾಲಿಗೆ ಭಾರ ಬೀಳದಂತೆ ನೋಡಿಕೊಳ್ಳಬೇಕು. ಹಿಗ್ಗುವ ಪಟ್ಟಿಯನ್ನು ಹದವಾಗಿ ಸುತ್ತಬೇಕು. ಮಲಗಿದಾಗ ದಿಂಬಿನ ಮೇಲೆ ಕಾಲನ್ನು ಎತ್ತರಿಸಿಡಬೇಕು. ನೋವು ಹೆಚ್ಚಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಡಬಹುದು. ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಎತ್ತರ ಎಂಬ ಈ ಸೂತ್ರವನ್ನು 1978ರಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆಯ ಅತಿಬಳಕೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡೆಯಬಹುದೆಂದು ಮುಂದೆ ಅವರೇ ತಮ್ಮ ಮಾತನ್ನು ತಿದ್ದಿಕೊಂಡರು.

ಇಲ್ಲಿಂದ ಮುಂದಿನದು ಫಿಜಿಯೋಥೆರಪಿ ಎಂದು ಹೆಸರಾದ ಭೌತಚಿಕಿತ್ಸೆಯ ಕೆಲಸ. 1952ರಲ್ಲಿ ಮುಂಬಯಿಯಲ್ಲಿ ಪೋಲಿಯೋ ಹರಡಿ ಅನೇಕ ಮಕ್ಕಳ ಕೈಕಾಲುಗಳು ಶಕ್ತಿಗುಂದಿದವು. ಆ ಸಂಕಟದ ಹಿನ್ನೆಲೆಯಲ್ಲಿ 1953ರಲ್ಲಿ ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಈ ವಿದ್ಯೆಯನ್ನು ಕಲಿಸುವ ಶಾಲೆ ಆರಂಭವಾಯಿತು. ದುರ್ಬಲವಾದ ಅಂಗಕ್ಕೆ ಕ್ರಮವಾದ ಚಲನೆಯಿಂದ ಬಲ ತುಂಬುವುದೇ ಇದರ ತಿರುಳು.

ಹರಿದ ರಜ್ಜುವಿನಲ್ಲಿ ಹುಟ್ಟುವ ಹೊಸ ಎಳೆಗಳು ಮೊದಲು ಅಡ್ಡಾದಿಡ್ಡಿಯಾಗಿರುತ್ತವೆ. ಮಿತವಾದ ಎಳೆತ ದೊರೆತಾಗ ಸಾಲುಗೂಡಿ ಗಟ್ಟಿಯಾಗುತ್ತವೆ. ಆದ್ದರಿಂದ ನೋವು ತಗ್ಗಿದೊಡನೆ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು. ಹೆಬ್ಬೆರಳಿನಿಂದ ಗಾಳಿಯಲ್ಲಿ ‘ಅ, ಆ, ಇ, ಈ’ ಎಂದು ಬರೆಯಬೇಕು. ಅಕ್ಷರ ಕಲಿತ ಮಗುವಿನಂತೆ ಕಾಲು ತನ್ನ ತಿರುವುಗಳನ್ನು ಹೀಗೆ ಮತ್ತೆ ಕಲಿಯುತ್ತದೆ. ಅನಂತರ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಕೊನೆಗೆ ಒಂಟಿಕಾಲಿನಲ್ಲಿ ನಿಲ್ಲುವುದು. ಒಂದೊಂದು ಮೆಟ್ಟಿಲನ್ನೂ ಬಲ್ಲವರ ಸಲಹೆಯಂತೆ ಏರಬೇಕು.

ಒಂಟಿಕಾಲಿನ ನಿಲುವು ಆಟವಲ್ಲ. ಪಾದ ಎತ್ತ ವಾಲಿದೆಯೆಂದು ಮಿದುಳಿಗೆ ತಿಳಿಸುವ ನರಾಗ್ರಗಳು ಅಸ್ಥಿರಜ್ಜುವಿನಲ್ಲಿವೆ. ಪೆಟ್ಟಿನಿಂದ ಆ ಸುದ್ದಿ ಕೆಡುತ್ತದೆ. ಸ್ನಾಯು ಎಚ್ಚರಗೊಳ್ಳುವ ಮೊದಲೇ ಕಾಲು ಹೊರಳಿಬಿಡುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೊಂದು ಮುಖ್ಯ ಕಾರಣ. ನೋವು ಹೋಯಿತೆಂದು ನಾಲ್ಕನೆಯ ದಿನ ಹೊಲಕ್ಕಿಳಿದವನು, ಕಬಡ್ಡಿಯ ಅಂಗಳಕ್ಕೆ ಧಾವಿಸಿದವನು ಈ ಪಾಠವನ್ನು ಅರ್ಧಕ್ಕೆ ಬಿಟ್ಟವನು.

ನೋವು ಅಡಗುವುದು ಬೇರೆ, ಅಂಗ ಗುಣವಾಗುವುದು ಬೇರೆ. ಲಘುವಾದ ಉಳುಕು ಒಂದೆರಡು ವಾರಗಳನ್ನೂ ತೀವ್ರವಾದುದು ತಿಂಗಳುಗಳನ್ನೂ ಬೇಡುತ್ತದೆ. ಎರೆಯ ನೆಲ ಬರುವ ವರ್ಷವೂ ಬಿರಿಯುತ್ತದೆ. ನೆಲದ ಬಿರುಕನ್ನು ಮುಚ್ಚಲಾಗದು; ಅದರ ಮೇಲೆ ನಡೆಯುವ ಕಾಲನ್ನು ಮಾತ್ರ ಸಿದ್ಧಗೊಳಿಸಬಹುದು.

ಅಭ್ಯಾಸ
1. ಉಳುಕಿದ ಕಾಲನ್ನು ಕೂಡಲೇ ಜಗ್ಗಬಾರದೇಕೆ?
2. ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸದ ಉದ್ದೇಶವೇನು?
3. ‘ನೋವು ಅಡಗುವುದು ಬೇರೆ, ಅಂಗ ಗುಣವಾಗುವುದು ಬೇರೆ’ — ಈ ಮಾತನ್ನು ವಿವರಿಸಿರಿ.