ಮಾರ್ಪಿನ ಗುಣಾಂಕ: ಪರೀಕ್ಷಾ ಟಿಪ್ಪಣಿ

ಅರ್ಥ: ಸರಾಸರಿಗೆ ಹೋಲಿಸಿದಾಗ ದತ್ತಾಂಶಗಳು ಎಷ್ಟು ಚದುರಿವೆ ಎಂಬುದರ ಶೇಕಡಾವಾರು ಅಳತೆ. ಇದನ್ನು ಬಳಕೆಗೆ ತಂದವರು ಕಾರ್ಲ್ ಪಿಯರ್ಸನ್ (1896). ಇದಕ್ಕೆ ಏಕಮಾನವಿಲ್ಲ.

ಸೂತ್ರ: (ಮಾನಕ ವಿಚಲನೆ ÷ ಸರಾಸರಿ) × 100

ಮಾದರಿ ಲೆಕ್ಕ (ಅಂಕಿಗಳು ಕಲ್ಪಿತ): ಟೊಮೆಟೊ ಕಿಲೋ ದರ
• ವಿಶಾಖಪಟ್ಟಣ: ಸರಾಸರಿ ₹40, ಮಾನಕ ವಿಚಲನೆ ₹6, ಗುಣಾಂಕ 15%
• ವಿಜಯವಾಡ: ಸರಾಸರಿ ₹20, ಮಾನಕ ವಿಚಲನೆ ₹4; ಗುಣಾಂಕ 20%

ತೀರ್ಮಾನ: ಮಾನಕ ವಿಚಲನೆಯನ್ನಷ್ಟೇ ನೋಡಿದರೆ ವಿಶಾಖಪಟ್ಟಣದ ದರವೇ ಹೆಚ್ಚು ಏರಿಳಿದಂತೆ ಕಾಣುತ್ತದೆ. ಆದರೆ ಸರಾಸರಿಗೆ ಹೋಲಿಸಿದರೆ ಅಲ್ಲಿನ ದರವೇ ಹೆಚ್ಚು ಸ್ಥಿರ. ಗುಣಾಂಕ ಕಡಿಮೆಯಾದಷ್ಟೂ ಸ್ಥಿರತೆ ಹೆಚ್ಚು.

ಬಳಕೆ: ಬೇರೆ ಬೇರೆ ಏಕಮಾನ ಅಥವಾ ಸರಾಸರಿಯುಳ್ಳ ಗುಂಪುಗಳ ಹೋಲಿಕೆ, ಮಳೆಯ ಅನಿಶ್ಚಿತತೆಯ ಅಳತೆ.

ಎಚ್ಚರಿಕೆ:
• ಸರಾಸರಿ ಸೊನ್ನೆಯಾದರೆ ಗುಣಾಂಕ ಸಿಗದು. ಸೊನ್ನೆಗೆ ಹತ್ತಿರವಾದರೆ ನಂಬಲಾಗದು.
• ಈ ಎರಡು ನಗರಗಳ ಸೆಲ್ಸಿಯಸ್ ತಾಪಮಾನ ಹೋಲಿಸಲು ಇದು ಸಲ್ಲದು, ಏಕೆಂದರೆ ಮಾಪಕ ಬದಲಾದರೆ ಗುಣಾಂಕವೂ ಬದಲಾಗುತ್ತದೆ. ಸರಾಸರಿ 30 ಡಿಗ್ರಿ, ವಿಚಲನೆ 3 ಇದ್ದರೆ ಗುಣಾಂಕ 10%, ಅದನ್ನೇ ಫ್ಯಾರನ್‌ಹೀಟ್‌ಗೆ ಬದಲಿಸಿದರೆ (86, 5.4) ಸುಮಾರು 6.3%.

ಅಭ್ಯಾಸ: ಸರಾಸರಿ 25, ಗುಣಾಂಕ 16% ಆದರೆ ಮಾನಕ ವಿಚಲನೆ ಎಷ್ಟು?
ಉತ್ತರ: (16 × 25) ÷ 100 = 4