ಬಳಸಿದ ಸ್ಪೋರ್ಟ್ಸ್ ಕಾರಿನ ಪರೀಕ್ಷೆ

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತನು ಮಾರುವವನ ಮಾತನ್ನೆಲ್ಲ ನಗುತ್ತ ಕೇಳುತ್ತಾನೆ. ಆದರೆ ಅದನ್ನು ನಂಬಿ ಹಣ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಎತ್ತು ಮಾತನಾಡದು, ಅದರ ಮೈ ಸುಳ್ಳನ್ನೂ ಹೇಳದು. ಯಂತ್ರಕ್ಕೂ ಈ ಮಾತು ಸಲ್ಲುತ್ತದೆ. ಬಳಸಿದ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವವರು ಅದರ ಲೋಹಕ್ಕೆ ಯಾವ ಪ್ರಶ್ನೆಗಳನ್ನು ಹಾಕಬೇಕು, ಉತ್ತರವನ್ನು ಹೇಗೆ ಓದಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ನಿದರ್ಶನಕ್ಕಾಗಿ ಜರ್ಮನಿಯ ಪೋರ್ಷೆ 911 ಎಂಬ ಕಾರನ್ನು ತೆಗೆದುಕೊಳ್ಳುತ್ತೇವೆ. 1963ರಲ್ಲಿ ಫ್ರಾಂಕ್‌ಫರ್ಟ್ ನಗರದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಕಾರಿನ ಎಂಜಿನ್ನು ಹಿಂಬದಿಯಲ್ಲಿದೆ. ಮೂರು ದಶಕಗಳಿಗೂ ಹೆಚ್ಚು ಕಾಲ ಗಾಳಿಯಿಂದಲೇ ತಣಿಯುತ್ತಿದ್ದ ಈ ಎಂಜಿನ್ನು, 1997ರಲ್ಲಿ ಹೊರಬಂದ 996 ಎಂಬ ಮಾದರಿಯಲ್ಲಿ ನೀರಿನಿಂದ ತಣಿಯುವ ಬಗೆಯದಾಯಿತು. ಅದರ ಮೊದಲ ರೂಪದಲ್ಲಿ 3387 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ನಿತ್ತು. ಆರು ಸಿಲಿಂಡರುಗಳು ಪಕ್ಕಕ್ಕೆ ಮೂರರಂತೆ ಮಲಗಿದ್ದವು. ಶಕ್ತಿ 300 ಅಶ್ವಬಲ. ಈ ಕಾರುಗಳು ಇಂದು ಯೂರೋಪು, ಅಮೆರಿಕಗಳಲ್ಲಿ ಹೊಸ 911ರ ಬೆಲೆಯ ಒಂದಂಶಕ್ಕೆ ದೊರೆಯುತ್ತವೆ. ಬಹುಕಾಲ ಹಣ ಕೂಡಿಟ್ಟವನಿಗೆ ಇದು ಕೈಗೆಟುಕಿದ ಕನಸು. ಅಪಾಯವಿರುವುದೂ ಇಲ್ಲಿಯೇ. ಕಾರಿನ ಬೆಲೆ ಇಳಿದಿದೆ. ಅದರ ಬಿಡಿಭಾಗಗಳ ಬೆಲೆ ಇಳಿದಿಲ್ಲ. ಎಂಜಿನ್ನು ಕೆಟ್ಟರೆ, ಅದನ್ನು ಸರಿಪಡಿಸುವ ವೆಚ್ಚ ಕಾರಿನ ಬೆಲೆಯ ಬಹುಭಾಗವನ್ನೇ ನುಂಗಬಹುದು.

ತಣ್ಣಗಿರುವ ಎಂಜಿನ್ನು

ಪರೀಕ್ಷೆಗೆ ಹೋದೊಡನೆ ಎಂಜಿನ್ನಿನ ಮುಚ್ಚಳವನ್ನು ಕೈಯಿಂದ ಮುಟ್ಟಿ ನೋಡಬೇಕು. ಅದು ಆಗಲೇ ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದು ಲೇಸು. ತಣ್ಣಗಿರುವಾಗ ಲೋಹವು ಕುಗ್ಗಿರುವುದರಿಂದ ಭಾಗಗಳ ನಡುವಣ ಸಂದು ಹೆಚ್ಚಾಗಿರುತ್ತದೆ. ಎಣ್ಣೆಯೂ ಎಲ್ಲೆಡೆಗೆ ಇನ್ನೂ ಹರಿದಿರುವುದಿಲ್ಲ. ಸವೆದ ಭಾಗಗಳ ಸದ್ದು ಕಿವಿಗೆ ಬೀಳುವುದು ಆಗಲೇ. ಹೊಗೆಯ ಬಣ್ಣವನ್ನೂ ಗಮನಿಸಬೇಕು. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ; ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿದೆ; ಎಂಜಿನ್ನು ಕಾದ ಮೇಲೂ ನಿಲ್ಲದ ಬಿಳಿ ಹೊಗೆ ಬಂದರೆ ತಣಿಸುವ ನೀರು ಒಳಗೆ ಸೋರುತ್ತಿರಬಹುದು. ಆದರೆ ಮಲಗಿದ ಸಿಲಿಂಡರುಗಳಲ್ಲಿ, ಕಾರು ನಿಂತಿದ್ದಾಗ, ಕೊಂಚ ಎಣ್ಣೆ ಒಸರಿ ನಿಲ್ಲುವುದು ಸಹಜ. ಚಾಲೂ ಮಾಡಿದೊಡನೆ ಬಂದು ಮಾಯವಾಗುವ ನೀಲಿ ಹೊಗೆಗೆ ಹೆದರಬೇಕಾದುದಿಲ್ಲ.

ಗಾಳಿಯ ಸಾಕ್ಷಿ

ಎಂಜಿನ್ನಿನ ಒಳಗನ್ನು ಬಿಚ್ಚದೆಯೇ ತಿಳಿಯಲು ಒಂದು ಸರಳ ಉಪಾಯವುಂಟು. ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗನ್ನು ತೆಗೆದು, ಎಲ್ಲ ಕವಾಟಗಳೂ ಮುಚ್ಚಿರುವ ಸ್ಥಿತಿಗೆ ಪಿಸ್ಟನನ್ನು ತಂದು, ಗೊತ್ತಾದ ಒತ್ತಡದ ಗಾಳಿಯನ್ನು ಆ ರಂಧ್ರದ ಮೂಲಕ ಒಳಕ್ಕೆ ಬಿಡುತ್ತಾರೆ. ಶೇಕಡ ಎಷ್ಟು ಗಾಳಿ ಸೋರುತ್ತಿದೆ ಎಂಬುದನ್ನು ಮಾಪಕವು ತೋರಿಸುತ್ತದೆ. ಶೇಕಡ 10ರೊಳಗಿನ ಸೋರಿಕೆ ಆರೋಗ್ಯದ ಲಕ್ಷಣ. 20ನ್ನು ದಾಟಿದರೆ ಕಾರಣ ಹುಡುಕಬೇಕು. ಕಾರಣವನ್ನು ಗಾಳಿಯೇ ಹೇಳುತ್ತದೆ. ಹೊಗೆಕೊಳವೆಯಲ್ಲಿ ಸುಯ್ಯೆಂಬ ಸದ್ದು ಕೇಳಿದರೆ ಹೊರಗವಾಟ ಸರಿಯಾಗಿ ಮುಚ್ಚುತ್ತಿಲ್ಲ. ಎಣ್ಣೆ ತುಂಬುವ ಬಾಯಿಯಲ್ಲಿ ಕೇಳಿದರೆ ಪಿಸ್ಟನಿನ ಬಳೆಗಳು ಸವೆದಿವೆ. ನೀರಿನ ತೊಟ್ಟಿಯಲ್ಲಿ ಗುಳ್ಳೆ ಎದ್ದರೆ ಒಳಗೆಲ್ಲೋ ಬಿರುಕಿದೆ. ಆರೂ ಸಿಲಿಂಡರುಗಳ ಅಂಕಗಳು ಹತ್ತಿರ ಹತ್ತಿರವಾಗಿರುವುದು ಅಂಕದಷ್ಟೇ ಮುಖ್ಯ.

ಒಂದು ಚಿಕ್ಕ ಬೇರಿಂಗು

ಈ ಮಾದರಿಗೆ ವಿಶೇಷವಾದ ದೋಷವೊಂದನ್ನು ಇಲ್ಲಿ ಹೇಳಲೇಬೇಕು. ಎಂಜಿನ್ನಿನ ಮುಖ್ಯ ದಂಡದ ಚಲನೆಯು ಕವಾಟಗಳನ್ನು ತೆರೆಯುವ ದಂಡಗಳಿಗೆ ಒಂದು ನಡುದಂಡದ ಮೂಲಕ ಸರಪಣಿಗಳಿಂದ ತಲಪುತ್ತದೆ. ಆ ನಡುದಂಡದ ಒಂದು ತುದಿಯನ್ನು ಹೊತ್ತಿರುವುದು ಗ್ರೀಸ್ ತುಂಬಿ ಮುಚ್ಚಿದ ಚಿಕ್ಕದೊಂದು ಗುಂಡುಬೇರಿಂಗು. ಕಾಲಕ್ರಮದಲ್ಲಿ ಗ್ರೀಸು ತೊಳೆದುಹೋದರೆ ಗುಂಡುಗಳು ಸವೆಯುತ್ತವೆ. ಬೇರಿಂಗು ಮುರಿದರೆ ಕವಾಟಗಳ ತಾಳ ತಪ್ಪಿ, ಮೇಲೇರುವ ಪಿಸ್ಟನಿಗೆ ಅವು ಬಡಿಯುತ್ತವೆ. ಕ್ಷಣಮಾತ್ರದಲ್ಲಿ ಎಂಜಿನ್ನು ನಾಶವಾಗುತ್ತದೆ. ಎಲ್ಲ ಕಾರುಗಳಿಗೂ ಹೀಗಾಗಲಿಲ್ಲ. ಆದರೂ ಈ ವಿಷಯ ಅಮೆರಿಕದಲ್ಲಿ ನ್ಯಾಯಾಲಯದವರೆಗೆ ಹೋಗಿ 2013ರಲ್ಲಿ ರಾಜಿಯಾಯಿತು. ಇದೇ ಪೀಳಿಗೆಯ ಟರ್ಬೊ ಮತ್ತು ಜಿಟಿ3 ರೂಪಗಳ ಎಂಜಿನ್ನು ಬೇರೆ ವಂಶದ್ದಾದುದರಿಂದ ಅವುಗಳಿಗೆ ಈ ದೋಷವಿಲ್ಲ.

ಕೊಳ್ಳುವವನು ಎರಡು ಕೆಲಸ ಮಾಡಬಹುದು. ಮೊದಲನೆಯದಾಗಿ, ಬೇರಿಂಗನ್ನು ಬದಲಿಸಿದ ರಸೀದಿಯನ್ನು ಕೇಳುವುದು. ಕ್ಲಚ್ ಬದಲಿಸಲು ಗಿಯರ್ ಪೆಟ್ಟಿಗೆಯನ್ನು ಇಳಿಸಿದಾಗಲೇ ಈ ಕೆಲಸವನ್ನೂ ಮಾಡಿಸುವ ವಾಡಿಕೆಯಿದೆ. ಎರಡನೆಯದಾಗಿ, ಎಣ್ಣೆಯ ಶೋಧಕವನ್ನು ಕತ್ತರಿಸಿ ಅದರ ಮಡಿಕೆಗಳನ್ನು ಬೆಳಕಿನಲ್ಲಿ ಪರೀಕ್ಷಿಸುವುದು. ಅಲ್ಲಿ ಹೊಳೆಯುವ ಕಣಗಳು ಕಂಡು, ಅಯಸ್ಕಾಂತಕ್ಕೆ ಅಂಟಿಕೊಂಡರೆ ಉಕ್ಕಿನ ಭಾಗವೊಂದು ಸವೆಯುತ್ತಿದೆ ಎಂದರ್ಥ.

ವೇಗದ ವರ್ಗ

ಈ ಎಂಜಿನ್ನು ನಿಮಿಷಕ್ಕೆ 7000 ಸುತ್ತು ತಿರುಗುವಾಗ, 78 ಮಿಲಿಮೀಟರ್ ದೂರವನ್ನು ಏರಿಳಿಯುವ ಪಿಸ್ಟನಿನ ಮೇಲೆ ಗುರುತ್ವದ 2000 ಪಟ್ಟಿಗೂ ಮಿಕ್ಕ ವೇಗೋತ್ಕರ್ಷ ಬೀಳುತ್ತದೆ. ಈ ಎಳೆತ ಸುತ್ತಿನ ವೇಗದ ವರ್ಗಕ್ಕನುಗುಣವಾಗಿ ಏರುತ್ತದೆ. 7000ದ ಬದಲು 9000 ಸುತ್ತಾದರೆ ಅದು ಶೇಕಡ 65ರಷ್ಟು ಹೆಚ್ಚು. ಪೆಟ್ರೋಲನ್ನು ತಡೆದು ವೇಗವನ್ನು ಮಿತಿಯಲ್ಲಿಡುವ ಏರ್ಪಾಡು ಕಾರಿನಲ್ಲಿದೆಯಲ್ಲ ಎಂದು ವಾಚಕರು ಕೇಳಬಹುದು. ನಿಜ, ಆದರೆ ಧಾವಿಸುತ್ತಿರುವಾಗ ನಾಲ್ಕನೆಯ ಗಿಯರಿಗೆ ಬದಲಾಗಿ ಎರಡನೆಯದಕ್ಕೆ ಕೈ ತಪ್ಪಿ ಹೋದರೆ, ಎಂಜಿನ್ನನ್ನು ತಿರುಗಿಸುವುದು ಪೆಟ್ರೋಲಲ್ಲ, ಚಕ್ರಗಳು. ಅದನ್ನು ಯಾವ ಏರ್ಪಾಡೂ ತಡೆಯದು.

ಇಂಥ ಅನೇಕ ಕಾರುಗಳ ವಿದ್ಯುನ್ಮಾನ ನಿಯಂತ್ರಕವು ಈ ತಪ್ಪನ್ನು ಗುಟ್ಟಾಗಿ ಬರೆದಿಟ್ಟುಕೊಳ್ಳುತ್ತದೆ. ತಕ್ಕ ಉಪಕರಣದಿಂದ ಅದನ್ನು ಓದಬಹುದು. ಎಂಜಿನ್ನು ಒಟ್ಟು ಎಷ್ಟು ಗಂಟೆ ದುಡಿದಿದೆ ಎಂಬ ಲೆಕ್ಕವೂ ಅಲ್ಲಿ ಸಿಗುವುದುಂಟು. ಮೈಲಿಮಾಪಕ 50,000 ಕಿಲೋಮೀಟರ್ ತೋರಿಸುತ್ತಿದ್ದು, ನಿಯಂತ್ರಕ 4000 ಗಂಟೆ ಎಂದರೆ, ಸರಾಸರಿ ವೇಗ ಗಂಟೆಗೆ 12.5 ಕಿಲೋಮೀಟರ್ ಆಯಿತು. ಸೈಕಲ್ಲಿನ ವೇಗದಲ್ಲಿ ಬಾಳಿದ ಸ್ಪೋರ್ಟ್ಸ್ ಕಾರುಂಟೆ? ಮಾಪಕವನ್ನು ಯಾರೋ ಹಿಂದಕ್ಕೆ ತಿರುಗಿಸಿರಬಹುದೆಂಬ ಸಂಶಯಕ್ಕೆ ಈ ಭಾಗಾಕಾರವೊಂದೇ ಸಾಕು.

ಮೈ, ಬ್ರೇಕು, ಟೈರು

ಅಪಘಾತದ ಗುರುತನ್ನು ಹೊಸ ಬಣ್ಣ ಕಣ್ಣಿನಿಂದ ಮರೆಸಬಹುದು, ಮಾಪಕದಿಂದ ಮರೆಸಲಾರದು. ಉಕ್ಕಿನ ಮೇಲಣ ಬಣ್ಣದ ದಪ್ಪವನ್ನು ಅಳೆಯುವ ಕಾಂತೀಯ ಉಪಕರಣವಿದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೆಯ ಒಂದಂಶದ ಆಸುಪಾಸಿನಲ್ಲಿರುತ್ತದೆ. ಒಂದು ಬಾಗಿಲಲ್ಲಿ ಮಾತ್ರ ಅದು ಹಲವು ಪಟ್ಟು ಹೆಚ್ಚಿದ್ದರೆ, ಕೆಳಗೆ ಮೆತ್ತಿದ ಪುಟ್ಟಿ ಇದೆಯೆಂದು ತಿಳಿಯಬೇಕು.

ಬ್ರೇಕಿನ ತಟ್ಟೆಗಳನ್ನು ಉಪೇಕ್ಷಿಸಬಾರದು. ಚಾಲಕನೂ ಸೇರಿ 1400 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 200 ಕಿಲೋಮೀಟರ್ ವೇಗದಿಂದ ನಿಂತರೆ, ಬಿಡುಗಡೆಯಾಗುವ ಉಷ್ಣದಿಂದ ಆರು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಇಷ್ಟು ಶಾಖವನ್ನು ಮತ್ತೆ ಮತ್ತೆ ನುಂಗಿದ ತಟ್ಟೆಯಲ್ಲಿ ರಂಧ್ರದಿಂದ ರಂಧ್ರಕ್ಕೆ ಬಿರುಕು ಹರಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದುದು. ಗೀರು ಆಳವಾಗಿದ್ದರೂ ಹಳೆಯ ರಬ್ಬರು ಗಾಳಿಯ ಆಮ್ಲಜನಕದಿಂದ ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ. ಅತಿವೇಗದ ಕಾರಿನಲ್ಲಿ ಇದು ಹಣದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಈ ಪರೀಕ್ಷೆಗಳಲ್ಲಿ ಹಲವನ್ನು ನಾವೇ ಮಾಡಲಾರೆವು. ಮಾರುವವನ ಸಂಬಂಧವಿಲ್ಲದ, ಆ ಮಾದರಿಯನ್ನು ಬಲ್ಲ ಕುಶಲ ಮೆಕ್ಯಾನಿಕನ ನೆರವು ಬೇಕು. ಅವನಿಗೆ ಕೊಡುವ ಶುಲ್ಕ, ಕೆಟ್ಟ ಎಂಜಿನ್ನಿಗೆ ತೆರುವ ದಂಡದ ಮುಂದೆ ಅತ್ಯಲ್ಪ. ಕಾರನ್ನು ಮೇಲೆತ್ತಿ ನೋಡಲು, ಎಣ್ಣೆಯ ಶೋಧಕ ಬಿಚ್ಚಲು ಮಾರುವವನು ಒಪ್ಪದಿದ್ದರೆ, ಅದನ್ನೂ ಒಂದು ಉತ್ತರವೆಂದೇ ಭಾವಿಸಿ ನಮಸ್ಕಾರ ಹೇಳಿ ಹೊರಟುಬರಬೇಕು. ಜಾತ್ರೆಯಲ್ಲಿ ಒಂದೇ ಎತ್ತು ಇರುವುದಿಲ್ಲವಷ್ಟೆ.